ಮೋರ್ಯರ ಗುಡ್ಡದ ಮೇಲೆ ಒಂಬತ್ತನೇ ಕ್ಲಾಸಿನ ವಿಜ್ಞಾನ

ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಹಿರೇಬೆಣಕಲ್ ಅನ್ನೋ ಊರಿದೆ. ಅಲ್ಲಿನ ಗುಡ್ಡದ ಮೇಲೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿಗಳಿವೆ. ಒಂದೆರಡಲ್ಲ, ನಾನೂರರ ಹತ್ತಿರ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಅಂತ ಪುರಾತತ್ವದವರು ಹೇಳುತ್ತಾರೆ. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ನಮ್ಮ ಕಡೆ ಜನರ ಬಾಯಲ್ಲಿ ಇದು ಮೋರ್ಯರ ಗುಡ್ಡ.

ಇತಿಹಾಸದವರು ಈ ಗುಡ್ಡದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಇತಿಹಾಸದವಳಲ್ಲ. ಈ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ, ಅಂದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಟೀಚರ್. ನನಗೆ ಹೇಳಬೇಕಾಗಿರುವುದು ಇಷ್ಟೇ: ಭೌತವಿಜ್ಞಾನ ಕಲಿಸೋಕೆ ಇದಕ್ಕಿಂತ ಒಳ್ಳೆಯ ಲ್ಯಾಬ್ ನಾನು ಎಲ್ಲೂ ಕಂಡಿಲ್ಲ. ಅದೂ ಸರ್ಕಾರದ ಜಾಗ. ಅಂದರೆ ನಮ್ಮ ಮಕ್ಕಳದ್ದೇ ಜಾಗ ಅಲ್ವಾ?

ನಮ್ಮ ಶಾಲೆಯ ಲ್ಯಾಬ್ ಅಂದರೆ ಸ್ಟಾಫ್ ರೂಮಿನ ಒಂದು ಕಪಾಟು. ಅದರಲ್ಲಿ ಬೀಕರ್, ಮಸೂರ, ಆಯಸ್ಕಾಂತ, ಸ್ಪ್ರಿಂಗ್ ತಕ್ಕಡಿ, ಥರ್ಮಾಮೀಟರ್ ಇವೆ. ಇಷ್ಟು ಸಾಕು. ಕೊರತೆ ಇರುವುದು ಸಾಮಾನಿನದ್ದಲ್ಲ, ಅಳೆಯೋಕೆ ಅಂತ ಒಂದು ನಿಜವಾದ ವಸ್ತುವಿನದ್ದು. ಪುಸ್ತಕದಲ್ಲಿ ಆರ್ಕಿಮಿಡೀಸ್ ಪಾಠದ ಲೆಕ್ಕ ಮಾಡಿದ ಮಗು ಉತ್ತರ ಬರೆದು ಪುಟ ತಿರುವುತ್ತದೆ. ಆ ಉತ್ತರ ಸರಿಯೋ ತಪ್ಪೋ ಎನ್ನುವುದರಿಂದ ಅದಕ್ಕೆ ಏನೂ ಆಗಬೇಕಾಗಿಲ್ಲ. ಗುಡ್ಡದ ಮೇಲೆ ಹಾಗಲ್ಲ. ಅಲ್ಲಿ ಎದುರಿಗೆ ಒಂದು ಚಪ್ಪಡಿ ನಿಂತಿರುತ್ತದೆ. ಇದನ್ನು ಯಾರು, ಹೇಗೆ ಎತ್ತಿದರು ಅನ್ನೋದು ಯಾವ ಮಗುವಿಗೂ ತಾನಾಗಿಯೇ ಬರುವ ಪ್ರಶ್ನೆ. ಆ ಪ್ರಶ್ನೆಗೆ ಒಂಬತ್ತನೇ ಕ್ಲಾಸಿನ ಸಾಂದ್ರತೆ ಪಾಠ ಬೇಕೇ ಬೇಕು.

ನಮ್ಮಲ್ಲಿ ಹೇಳುವ ಕತೆ ಹೀಗಿದೆ. ಮೋರ್ಯರು ಅಂದರೆ ತೀರಾ ಗಿಡ್ಡ ಜನ, ಈ ಕಲ್ಲಿನ ಗೂಡುಗಳು ಅವರ ಮನೆಗಳು. ಈ ಕತೆಯನ್ನು ನಾನು ಅಲ್ಲಗಳೆಯಲು ಹೋಗುವುದಿಲ್ಲ. ಮಕ್ಕಳೇ ಹೇಳಲಿ ಅಂತ ಬಿಡುತ್ತೇನೆ, ಆಮೇಲೆ ಟೇಪ್ ಕೊಡುತ್ತೇನೆ. ಕೆಲವು ಗೂಡುಗಳು ಮೊಣಕಾಲೆತ್ತರ ಇವೆ, ಇನ್ನು ಕೆಲವು ಹತ್ತಡಿಯ ಹತ್ತಿರ ಬರುತ್ತವೆ. ಹೋದ ವರ್ಷದ ತಂಡದಲ್ಲಿ ಕ್ಲಾಸಿನಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ದೊಡ್ಡ ಗೋರಿಯೊಂದನ್ನು ಅಳೆದು ಬಂದು ಕೇಳಿದ: "ಟೀಚರ್, ಗಿಡ್ಡ ಮಂದಿಗೆ ಇಷ್ಟ್ ಎತ್ತರದ ಮನಿ ಯಾಕ್ ಬೇಕಿತ್ರೀ?"

ನಾನು ಉತ್ತರ ಕೊಡಲಿಲ್ಲ. ಅವನ ಗೆಳೆಯರೇ ವಾದಕ್ಕೆ ಇಳಿದರು. ಮನೆಯಾಗಿದ್ದರೆ ಒಲೆ ಎಲ್ಲಿ? ಒಳಗೆ ಹೋಗೋಕೆ ಬಾಗಿಲಿಲ್ಲ, ಚಪ್ಪಡಿಯಲ್ಲಿ ಒಂದು ದುಂಡನೆಯ ತೂತು ಮಾತ್ರ ಇದೆ, ಅದರಲ್ಲಿ ದಿನಾ ತೂರಿಕೊಂಡು ಹೋಗುತ್ತಿದ್ದರಾ? ಈ ವಾದವೇ ವಿಜ್ಞಾನ ಅಂತ ನಾನು ನಂಬಿದ್ದೇನೆ. ಸೂತ್ರ ಆಮೇಲೆ ಬರುತ್ತದೆ.

ಈಗ ತೂಕದ ವಿಚಾರ. ಸ್ಮಾರಕದ ಕಲ್ಲಿನ ಒಂದು ಚೂರನ್ನೂ ನಾವು ಮುಟ್ಟುವುದಿಲ್ಲ. ರಸ್ತೆ ಕೆಲಸಕ್ಕೆ ತಂದು ಸುರಿದ ಜಲ್ಲಿಯಲ್ಲಿ ಅಂಥದ್ದೇ ಗ್ರಾನೈಟ್ ಸಿಗುತ್ತದೆ. ಅದರಲ್ಲಿ ಮುಷ್ಟಿ ಗಾತ್ರದ ತುಂಡುಗಳನ್ನು ಮೊದಲೇ ಶಾಲೆಗೆ ತಂದು ತೂಗುತ್ತೇವೆ. ತುಂಡಿಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ನೇತು ಹಾಕಿದರೆ 540 ಗ್ರಾಂ. ಹಾಗೇ ಬಕೆಟ್ಟಿನ ನೀರಲ್ಲಿ ಇಳಿಸಿದರೆ 340 ಗ್ರಾಂ. ಕಡಿಮೆಯಾದ 200 ಗ್ರಾಂ ಅಂದರೆ ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. 540ನ್ನು 200ರಿಂದ ಭಾಗಿಸಿದರೆ 2.7. ನೀರಿಗಿಂತ ಈ ಕಲ್ಲು 2.7 ಪಟ್ಟು ಭಾರ. ಒಂದು ಗುಂಪಿಗೆ 2.6 ಬಂತು, ಇನ್ನೊಂದಕ್ಕೆ 2.8. ಒಂದು ಗುಂಪಿಗೆ ಮಾತ್ರ 3.4 ಬಂದು ಅವರ ಮುಖ ಸಪ್ಪಗಾಯಿತು. ಮತ್ತೆ ಮಾಡಿಸಿ ನೋಡಿದರೆ ಅವರ ಕಲ್ಲಿನ ಮೇಲ್ತುದಿ ನೀರಿಂದ ಹೊರಗೇ ಉಳಿದಿತ್ತು. ಕಲ್ಲು ಪೂರ್ತಿ ಮುಳುಗದಿದ್ದರೆ ನೀರು ಕಡಿಮೆ ಸರಿಯುತ್ತದೆ, ಉತ್ತರ ಜಾಸ್ತಿ ಬರುತ್ತದೆ. ಆ ಗುಂಪಿನ ಹುಡುಗಿಯರು ಈ ಪಾಠವನ್ನು ಇನ್ನು ಮರೆಯುವುದಿಲ್ಲ.

ಈ 2.7ನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗುಡ್ಡ ಹತ್ತುತ್ತೇವೆ. ಒಂದು ಚಪ್ಪಡಿ ಅಳೆದರು: ಉದ್ದ 2.4 ಮೀಟರ್, ಅಗಲ 1.8, ದಪ್ಪ 15 ಸೆಂಟಿಮೀಟರ್. ಲೆಕ್ಕ ಹಾಕಿದರೆ ಸುಮಾರು 1,750 ಕೆ.ಜಿ. ಈ ಸಂಖ್ಯೆ ಹೇಳಿದಾಗ ಮಕ್ಕಳಿಗೆ ಅಷ್ಟಾಗಿ ಏನೂ ಅನ್ನಿಸಲಿಲ್ಲ. ನಮ್ಮದು ಭತ್ತದ ನಾಡು, ಇಲ್ಲಿ ಚೀಲ ಅಂದರೆ 75 ಕೆ.ಜಿ. ಒಬ್ಬ ಹುಡುಗ ತಾನೇ ಭಾಗಿಸಿ "23 ಚೀಲ!" ಅಂತ ಕೂಗಿದ ಮೇಲೆ ಎಲ್ಲರೂ ಚಪ್ಪಡಿಯನ್ನು ಬೇರೆ ಕಣ್ಣಿಂದ ನೋಡಿದರು. ಅವನ ಅಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಒಬ್ಬರು ಒಂದು ಚೀಲ ಹೊರುತ್ತಾರೆ, ಹಾಗಾದರೆ 23 ಮಂದಿ ಸಾಕು ಅಂದ.

ಆಗ ಇನ್ನೊಬ್ಬಳು ಹುಡುಗಿ ಚಪ್ಪಡಿಯ ಸುತ್ತಳತೆ ತೆಗೆದಳು. 8.4 ಮೀಟರ್. ಒಬ್ಬರು ಬಗ್ಗಿ ಕೈ ಹಾಕಿ ಹಿಡಿಯೋಕೆ ಒಂದೂವರೆ ಅಡಿಯಾದರೂ ಜಾಗ ಬೇಕು. 23 ಮಂದಿ ಸುತ್ತ ನಿಲ್ಲೋದಕ್ಕೇ ಆಗಲ್ಲ, 18 ಮಂದಿಯಷ್ಟೇ ಹಿಡಿಸುತ್ತಾರೆ. ಅಂದಮೇಲೆ ಇದನ್ನು ಕೈಯಿಂದ ಎತ್ತಿ ತಂದಿಲ್ಲ! ಬೇರೆ ಏನೋ ಮಾಡಿರಬೇಕು. ಈ ಯೋಚನೆ ನನಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆಯಿತು, ಯಾಕೆಂದರೆ ಟೇಪ್ ಅವಳ ಕೈಯಲ್ಲಿತ್ತು.

ಆ "ಬೇರೆ ಏನೋ" ಹುಡುಕೋಕೆ ಮುಂದಿನ ವಾರ ಶಾಲೆಯ ಮೈದಾನದಲ್ಲಿ ಹನ್ನೆರಡು ಕೆ.ಜಿ. ತೂಗುವ ಕಡಪಾ ಕಲ್ಲೊಂದನ್ನು ಹಗ್ಗ ಕಟ್ಟಿ ಎಳೆದೆವು. ಮಧ್ಯದಲ್ಲಿ ದೊಡ್ಡ ಸ್ಪ್ರಿಂಗ್ ತಕ್ಕಡಿ. ಮಣ್ಣಿನ ಮೇಲೆ ಎಳೆದಾಗ ಮುಳ್ಳು ಏಳು ಕೆ.ಜಿ. ತೋರಿಸಿತು. ಕೆಳಗೆ ಪಿವಿಸಿ ಪೈಪಿನ ತುಂಡುಗಳನ್ನು ಹಾಕಿ ಎಳೆದಾಗ ಒಂದು ಕೆ.ಜಿ.ಯೂ ತೋರಿಸಲಿಲ್ಲ. ಘರ್ಷಣೆಯ ಪಾಠ ಅಲ್ಲಿಗೆ ಮುಗಿಯಿತು. ಇಳಿಜಾರು ಹಲಗೆಯ ಪಾಠವನ್ನು ಅವರೇ ಕೇಳಿ ಮಾಡಿಸಿಕೊಂಡರು.

ಇದಕ್ಕಿಂತ ದೊಡ್ಡ ಪಾಠ ಮಾಡಿದವರು ಒಬ್ಬ ಅಜ್ಜಾರು. ನಮ್ಮ ವಿದ್ಯಾರ್ಥಿನಿಯೊಬ್ಬಳ ತಾತ. ಹರೆಯದಲ್ಲೆಲ್ಲ ಕಲ್ಲು ಒಡೆಯುವ ಕೆಲಸ ಮಾಡಿದವರು. ಚಪ್ಪಡಿ ಹೇಗೆ ಎಬ್ಬಿಸುತ್ತಿದ್ದರು ಅಂತ ಮೊಮ್ಮಗಳು ಮನೆಯಲ್ಲಿ ಕೇಳಿದ್ದಾಳೆ. ಅವರು ಮರುದಿನ ಸುತ್ತಿಗೆ ಹಿಡಿದು ಶಾಲೆಗೇ ಬಂದುಬಿಟ್ಟರು. ಶಾಲೆಯ ಹಿಂದೆ ಗೋಮಾಳದಲ್ಲಿ ಒಂದು ಹಾಸುಗಲ್ಲಿದೆ, ಅದರ ಮೇಲೆ ಮಕ್ಕಳನ್ನು ಕೂಡಿಸಿಕೊಂಡರು.

"ಅಕ್ಕಾರ, ಮದ್ದು ಹಾಕಿ ಹಾರಸೂದು ಈಗಿಂದು. ನಾವು ಹಾಸುಗಲ್ಲಿನ ಮ್ಯಾಲ ಕಟ್ಟಿಗಿ ಬೆಂಕಿ ಹಚ್ತಿದ್ವಿ. ಬೆಂಕೀನ ಸಾವಕಾಶ ಮುಂದ್ ಸರಿಸ್ಕೊಂತ ಹೋಗಬೇಕ್ರೀ. ಕಲ್ಲು ಎದ್ದಿದ್ದು ಕಿವಿಗೇ ಗೊತ್ತಾಕೈತಿ."

ಸುತ್ತಿಗೆಯಿಂದ ಒಂದು ಕಡೆ ಬಡಿದರು. ಗಟ್ಟಿಯಾಗಿ "ಟಣ್" ಅಂದಿತು. ಎರಡು ಮಾರು ಆಚೆ, ಅಂಚಿನ ಹತ್ತಿರ ಬಡಿದರು. "ಡಬ್" ಅಂದಿತು. "ಇಲ್ಲಿ ಒಳಗ ಬಿಟ್ಟೈತಿ" ಅಂದರು. ಮಕ್ಕಳು ಸರದಿಯಲ್ಲಿ ಸುತ್ತಿಗೆ ತಗೊಂಡು ಬಂಡೆಯಿಡೀ ಬಡಿದು, ಎಲ್ಲಿ ಸದ್ದು ಬದಲಾಗುತ್ತದೋ ಅಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರು. ಗುರುತುಗಳನ್ನು ಕೂಡಿಸಿದಾಗ ಒಂದು ದೊಡ್ಡ ತೇಪೆಯ ಆಕಾರ ಬಂತು. ಆ ತೇಪೆಯ ಕೆಳಗೆಲ್ಲ ಕಲ್ಲು ಪದರವಾಗಿ ಬಿಟ್ಟುಕೊಂಡಿದೆ ಅಂತ ಅರ್ಥ. ಅಂಚಿನಲ್ಲಿ ಬಗ್ಗಿ ನೋಡಿದರೆ ಬಿರುಕು ಕಣ್ಣಿಗೇ ಕಾಣುತ್ತಿತ್ತು, ಒಂದು ರೂಪಾಯಿಯ ನಾಣ್ಯ ಒಳಗೆ ಹೋಗುವಷ್ಟು.

ಇದರ ಹಿಂದಿನ ಕಾರಣ ನಮ್ಮ ಪಠ್ಯದಲ್ಲೇ ಇದೆ. ಕಾದರೆ ಕಲ್ಲು ಹಿಗ್ಗುತ್ತದೆ. ಗ್ರಾನೈಟಿನಲ್ಲಿ ಶಾಖ ಬೇಗ ಒಳಗೆ ಇಳಿಯುವುದಿಲ್ಲ. ಮೇಲಿನ ಪದರ ಬಿಸಿಯಾಗಿ ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಎರಡರ ನಡುವೆ ಎಳೆದಾಟ ಶುರುವಾಗಿ ಪದರ ಕಿತ್ತುಕೊಳ್ಳುತ್ತದೆ. ಬೆಂಕಿ ಇದನ್ನು ಒಂದು ದಿನದಲ್ಲಿ ಮಾಡಿದರೆ ಬಿಸಿಲು ಸಾವಿರಾರು ವರ್ಷಗಳಲ್ಲಿ ಮಾಡುತ್ತದೆ. ಇನ್ನೊಂದು ಕಾರಣವೂ ಇದೆ. ಈ ಕಲ್ಲು ಹುಟ್ಟಿದ್ದು ಭೂಮಿಯ ಆಳದಲ್ಲಿ, ಭಾರಿ ಒತ್ತಡದಲ್ಲಿ. ಮೇಲಿನ ಮಣ್ಣು ಕಲ್ಲು ಸವೆದು ಹೋದ ಹಾಗೆ ಒತ್ತಡ ಕಡಿಮೆಯಾಗಿ ಬಂಡೆ ಉಬ್ಬುತ್ತದೆ, ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಪದರ ಬಿಡುತ್ತದೆ. ಆನೆಗೊಂದಿ, ಹಂಪಿ ಕಡೆಯ ಬಂಡೆಗಳೆಲ್ಲ ದುಂಡಗಿರುವುದಕ್ಕೆ ಈ ಸವೆತವೂ ಕಾರಣ.

ಬಿಸಿಲಿನ ಮಾತನ್ನು ಮಕ್ಕಳು ನಂಬಲಿ ಅಂತ ಫೆಬ್ರುವರಿಯಲ್ಲಿ ಅದೇ ಹಾಸುಗಲ್ಲಿಗೆ ಥರ್ಮಾಮೀಟರ್ ಇಟ್ಟೆವು, ಬುರುಡೆಯ ಮೇಲೆ ಒಂದಿಷ್ಟು ಹತ್ತಿ ಮುಚ್ಚಿ. ಬೆಳಿಗ್ಗೆ ಎಂಟೂವರೆಗೆ 22 ಡಿಗ್ರಿ. ಮಧ್ಯಾಹ್ನ ಹನ್ನೆರಡೂವರೆಗೆ 45. ಪಕ್ಕದ ಬಂಡೆಯ ನೆರಳಲ್ಲಿ ಅದೇ ಹೊತ್ತಿಗೆ 27. ಫೆಬ್ರುವರಿಯಲ್ಲೇ ಹೀಗಾದರೆ ಮೇ ತಿಂಗಳಲ್ಲಿ ಎಷ್ಟಿರಬಹುದು ಅಂತ ಅವರೇ ಕೇಳಿಕೊಂಡರು.

ಮೋರ್ಯರ ಗುಡ್ಡಕ್ಕೆ ಹೋದವರೆಲ್ಲ ನೋಡುವ ಇನ್ನೊಂದು ವಸ್ತು ನಗಾರಿ ಕಲ್ಲು. ಸುಮಾರು ಹತ್ತು ಮೀಟರ್ ಎತ್ತರದ ಬಂಡೆಯ ಮೇಲೆ ಅರ್ಧಗೋಲದ ಆಕಾರದ ಒಂದು ಗುಂಡು ಕೂತಿದೆ. ಬಡಿದರೆ ನಗಾರಿಯ ಸದ್ದು ಬರುತ್ತದೆ, ಒಂದು ಕಿಲೋಮೀಟರ್ ದೂರದವರೆಗೂ ಕೇಳುತ್ತದೆ ಎನ್ನುತ್ತಾರೆ. ಬಂದವರೆಲ್ಲ ಕಲ್ಲು ತಗೊಂಡು ಅದನ್ನು ಬಡಿಯೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಎರಡು ಸಾವಿರ ವರ್ಷ ಮೀರಿ ಉಳಿದು ಬಂದ ವಸ್ತು ಅದು. ನಮ್ಮ ಮಕ್ಕಳಿಗೆ ನಾನು ಬಡಿಯಲು ಬಿಡುವುದಿಲ್ಲ. ಕೆಳಗಿಂದ ನೋಡಿ ಚಿತ್ರ ಬರೆದುಕೊಳ್ಳುತ್ತಾರೆ. ಅದು ಯಾಕೆ ಮೊಳಗುತ್ತದೆ ಅನ್ನೋದನ್ನು ಶಾಲೆಯಲ್ಲಿ ಕಂಡುಹಿಡಿಯುತ್ತೇವೆ.

ಅದಕ್ಕೆ ಬೇಕಾದದ್ದು ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ಪಟ್ಟಿ. ಕಲ್ಲಿನ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ನಮ್ಮದು ತೊಂಬತ್ತು ಸೆಂಟಿಮೀಟರ್ ಉದ್ದದ್ದು. ಮರಳಿನ ಮೇಲಿಟ್ಟು ಮರದ ಸೌಟಿನಿಂದ ಬಡಿದರೆ "ದಪ್" ಅನ್ನುತ್ತದೆ. ಎರಡು ಹಗ್ಗ ಕಟ್ಟಿ ತೂಗುಹಾಕಿ ಬಡಿದರೆ ಗಂಟೆಯ ಸದ್ದು! ಹಗ್ಗಗಳನ್ನು ಎಲ್ಲೆಲ್ಲಿ ಕಟ್ಟಿದರೆ ಸದ್ದು ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ಹುಡುಕಲು ಬಿಟ್ಟೆ. ತುದಿಗೆ ಕಟ್ಟಿದರು, ನಡುವಿಗೆ ಕಟ್ಟಿದರು, ಸರಿಸುತ್ತಾ ಬಂದರು. ಎರಡೂ ತುದಿಯಿಂದ ಇಪ್ಪತ್ತು ಸೆಂಟಿಮೀಟರ್ ಒಳಗೆ ಕಟ್ಟಿದಾಗ ಎಲ್ಲಕ್ಕಿಂತ ಚೆನ್ನಾಗಿ ಮೊಳಗಿತು. ಪಟ್ಟಿ ಕಂಪಿಸುವಾಗ ಅದರ ಎರಡು ಜಾಗಗಳು ಮಾತ್ರ ಅಲುಗಾಡದೆ ನಿಲ್ಲುತ್ತವೆ. ತುದಿಯಿಂದ ಉದ್ದದ ನೂರಕ್ಕೆ ಇಪ್ಪತ್ತೆರಡು ಭಾಗದಷ್ಟು ಒಳಗೆ. ಅಲ್ಲಿ ಹಿಡಿದರೆ ಕಂಪನಕ್ಕೆ ಅಡ್ಡಿಯಾಗುವುದಿಲ್ಲ. ಮಕ್ಕಳು ಪುಸ್ತಕ ನೋಡದೆ, ಬರೀ ಕಿವಿಯಿಂದ ಆ ಜಾಗಕ್ಕೆ ಬಂದು ಮುಟ್ಟಿದ್ದರು. ನಗಾರಿ ಕಲ್ಲೂ ಮಣ್ಣಲ್ಲಿ ಹೂತಿಲ್ಲ, ಬಂಡೆಯ ಮೇಲೆ ಬಿಡಿಯಾಗಿ ಕೂತಿದೆ ಅಂತ ಅವರ ಚಿತ್ರಗಳೇ ಹೇಳುತ್ತಿದ್ದವು. ಉಳಿದದ್ದನ್ನು ನಾನು ವಿವರಿಸುವ ಅಗತ್ಯ ಬೀಳಲಿಲ್ಲ.

ಒಂದು ಕಿಲೋಮೀಟರ್ ಕೇಳುತ್ತದೆ ಅಂದರೆ ಸದ್ದು ಅಲ್ಲಿಗೆ ಮುಟ್ಟೋಕೆ ಎಷ್ಟು ಹೊತ್ತು? ಗೋಮಾಳದಲ್ಲಿ ಐನೂರು ಮೀಟರ್ ಅಳೆದು, ಆ ತುದಿಯಲ್ಲಿ ಒಬ್ಬ ಜಾಗಟೆ ಹಿಡಿದು ನಿಂತ. ಕೋಲು ಜಾಗಟೆಗೆ ತಗುಲಿದ್ದು ಕಂಡ ಕೂಡಲೇ ಈ ತುದಿಯವರು ಮೊಬೈಲಿನ ಸ್ಟಾಪ್‌ವಾಚ್ ಒತ್ತಬೇಕು, ಸದ್ದು ಕೇಳಿದಾಗ ನಿಲ್ಲಿಸಬೇಕು. ಒಬ್ಬರಿಗೆ 1.2 ಸೆಕೆಂಡ್, ಇನ್ನೊಬ್ಬರಿಗೆ 1.8. ಎಲ್ಲರದ್ದೂ ಕೂಡಿಸಿ ಸರಾಸರಿ ತೆಗೆದಾಗ 1.5ರ ಹತ್ತಿರ ಬಂತು. ಅಂದರೆ ಸೆಕೆಂಡಿಗೆ ಸುಮಾರು 333 ಮೀಟರ್. ಪುಸ್ತಕದ ಸಂಖ್ಯೆಯ ಪಕ್ಕದಲ್ಲೇ ಇದೆ. ಕೈ ತಡವಾಗಿ ಒತ್ತಿದ್ದು ಯಾರು, ಬೇಗ ಒತ್ತಿದ್ದು ಯಾರು ಅನ್ನೋ ಜಗಳದಲ್ಲೇ ಅಳತೆಯ ದೋಷ ಅಂದರೇನು ಎನ್ನುವುದು ಕ್ಲಾಸಿಗೆಲ್ಲ ಗೊತ್ತಾಯಿತು.

ಗುಡ್ಡದ ಮೇಲೆ ಊಟಕ್ಕೆ ಕೂತಾಗ ಎರಡೂವರೆ ಮೀಟರ್ ದಾರ ಬಿಚ್ಚುತ್ತೇವೆ. ಈ ಕಡೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದು ಈ ತುದಿಯಿಂದ ಆರೂವರೆ ಸೆಂಟಿಮೀಟರಿನಲ್ಲಿ. ನಮ್ಮಂಥ ಮನುಷ್ಯ ಬಂದು ಮೂರು ಲಕ್ಷ ವರ್ಷ, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಈ ಗೋರಿಗಳ ವಯಸ್ಸಂತೂ ಕೂದಲೆಳೆಗಿಂತ ಎಷ್ಟೋ ತೆಳು. ದಾರ ಹಿಡಿದು ನಿಂತ ಮಕ್ಕಳು ಸ್ವಲ್ಪ ಹೊತ್ತು ಊಟವನ್ನೂ ಮರೆಯುತ್ತಾರೆ.

ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇಂಥ ಜಾಗಗಳಿಗೆ ಕೊರತೆಯಿಲ್ಲ. ಬಳ್ಳಾರಿಯವರಿಗೆ ಸಂಗನಕಲ್ಲು ಇದೆ, ಹೊಸ ಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಗುಡ್ಡ. ಕುಡುತಿನಿಯಲ್ಲಿ ಬೂದಿ ದಿಬ್ಬವಿದೆ. ರಾಕ್ಷಸನ ಬೂದಿ ಅಂತ ಕತೆ. ಪರೀಕ್ಷೆ ಮಾಡಿದವರು ಅದು ದನದ ಸಗಣಿ ಸುಟ್ಟ ಬೂದಿ ಅಂತ ತೋರಿಸಿದ್ದಾರೆ. ರಾಯಚೂರಿನವರಿಗೆ ಮಸ್ಕಿ, ಅಶೋಕನ ಶಾಸನ ಸಿಕ್ಕ ಊರು. ಕೊಪ್ಪಳ ಪಟ್ಟಣದ ಮಕ್ಕಳಿಗೆ ಗವಿಮಠದ ಬೆಟ್ಟ, ಅಶೋಕನ ಶಾಸನದ ಬಂಡೆ ಅಲ್ಲೇ ಇದೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶ. ದಂಡೆಯ ಮೇಲೆ ನೀರುನಾಯಿಯ ಹಿಕ್ಕೆ ಸಿಕ್ಕರೆ ಅದರಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು ಕಾಣುತ್ತವೆ. ಕಡ್ಡಿಯಿಂದ ಕೆದಕಿ ನೋಡಿದ ಮಗುವಿಗೆ ಆಹಾರ ಸರಪಳಿಯ ಚಿತ್ರವನ್ನು ಬೋರ್ಡಿನ ಮೇಲೆ ಬರೆಯಬೇಕಾಗಿಲ್ಲ.

ಹಾಗಂತ ಮಕ್ಕಳನ್ನು ಕರೆದುಕೊಂಡು ಸುಮ್ನೆ ಹೊರಟುಬಿಡಬಾರದು. ನಮ್ಮ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಎಚ್‌ಎಂ (ಮುಖ್ಯ ಶಿಕ್ಷಕರು) ಸಹಿಯಿರುವ ಪತ್ರ, ಮಕ್ಕಳ ಪಟ್ಟಿ ಮೊದಲೇ ಅರಣ್ಯ ಇಲಾಖೆಯ ವಲಯ ಕಚೇರಿಗೆ ಕೊಡಬೇಕು. ನಾವು ಕೇಳಿದಾಗೆಲ್ಲ ಒಬ್ಬ ಗಾರ್ಡ್ ಜೊತೆಗೆ ಬಂದಿದ್ದಾರೆ. ಅವರಿಗೆ ಗೊತ್ತಿರುವಷ್ಟು ಗಿಡಗಳ ಹೆಸರು ನನಗೆ ಗೊತ್ತಿಲ್ಲ, ಹಾಗಾಗಿ ಅರ್ಧ ಪಾಠ ಅವರದ್ದೇ. ವನ್ಯಧಾಮವಾದರೆ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಇದನ್ನು ಮಕ್ಕಳಿಗೆ ಹೆದರಿಸೋಕೆ ಹೇಳುವುದಿಲ್ಲ. ನಿಧಿಯ ಆಸೆಗೆ ಯಾರೋ ಕೆಡವಿ ಹೋದ ಚಪ್ಪಡಿಗಳನ್ನು ತೋರಿಸುತ್ತೇನೆ. 23 ಚೀಲ ಭಾರದ ಲೆಕ್ಕ ಮಾಡಿದ ಮಕ್ಕಳಿಗೆ ಅದನ್ನು ನೋಡಿ ಆಗುವ ಸಂಕಟ ನಿಜವಾದದ್ದು.

ಹೆಣ್ಣುಮಕ್ಕಳ ವಿಚಾರ ಬೇರೆಯಾಗಿ ಹೇಳಲೇಬೇಕು. ಗುಡ್ಡಕ್ಕೆ ಅಂದರೆ ಮನೆಯಲ್ಲಿ ಬೇಡ ಅನ್ನುತ್ತಾರೆ. ನಾನು ಕಂಡುಕೊಂಡ ದಾರಿ, ಇಬ್ಬರು ಮೂವರು ತಾಯಂದಿರನ್ನೇ ಕರೆಯೋದು. ಒಬ್ಬ ತಾಯಿ ಬಂದರೆ ಆ ಓಣಿಯ ಹುಡುಗಿಯರೆಲ್ಲ ಬರುತ್ತಾರೆ. ಟೇಪಿನ ಇನ್ನೊಂದು ತುದಿ ಹಿಡಿಯೋರೂ ಅವರೇ. ವರ್ಷಕ್ಕೊಮ್ಮೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ದೂರದ ಊರು ನೋಡಿ ಬರುವ ಪ್ರವಾಸಕ್ಕೆ ಸಾವಿರಾರು ರೂಪಾಯಿ ಬೇಕು, ಕ್ಲಾಸಿನ ಅರ್ಧ ಮಕ್ಕಳು ಬರೋದೇ ಇಲ್ಲ. ಈ ಗುಡ್ಡಕ್ಕೆ ಎಲ್ಲರೂ ಬರುತ್ತಾರೆ. ಬ್ಯಾಗ್ ಇಲ್ಲದ ಶನಿವಾರಗಳನ್ನು ಇಂಥದ್ದಕ್ಕೆ ಕೊಟ್ಟು, ಒಂದು ಬಸ್ಸಿನ ಡೀಸೆಲ್ ಖರ್ಚು ಕೊಡಿ ಅನ್ನೋದು ಇಲಾಖೆಗೆ ನನ್ನ ಬೇಡಿಕೆ. ಬೇರೇನೂ ಬೇಡ.

ಈ ಸಲ ಇನ್ನೊಂದು ಪ್ರಯೋಗಕ್ಕೆ ಜೊತೆ ಬೇಕಾಗಿದೆ. ಸೆಪ್ಟೆಂಬರ್ 23ರಂದು ಹಗಲು ರಾತ್ರಿ ಹೆಚ್ಚು ಕಡಿಮೆ ಸಮ. ಅಂದು ನಡುಹಗಲಲ್ಲಿ ಒಂದು ಮೀಟರ್ ಕೋಲಿನ ನೆರಳು ನಮ್ಮ ಗಂಗಾವತಿಯಲ್ಲಿ ಸುಮಾರು ಇಪ್ಪತ್ತೇಳೂವರೆ ಸೆಂಟಿಮೀಟರ್ ಇರಬೇಕು. ಬೀದರಿನಲ್ಲಿ ಮೂವತ್ತೆರಡು ದಾಟುತ್ತದೆ. ಚಾಮರಾಜನಗರದಲ್ಲಿ ಇಪ್ಪತ್ತೊಂದೇ. ಎರಡು ಊರಿನ ನೆರಳಿನ ಕೋನ, ಅವುಗಳ ನಡುವಿನ ಉತ್ತರ ದಕ್ಷಿಣ ದೂರ ಗೊತ್ತಾದರೆ ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಇಂಥದ್ದೇ ಲೆಕ್ಕ ಮಾಡಿದ್ದ. ಬೀದರ್, ಚಾಮರಾಜನಗರ, ಇಲ್ಲವೇ ನಡುವಿನ ಯಾವ ಊರಿನಲ್ಲೇ ಆಗಲಿ, ವಿಜ್ಞಾನ ಕಲಿಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೈ ಜೋಡಿಸಿ. ಶಾಲೆಯ ಮೈದಾನ, ಕೆರೆ ಏರಿ, ಹಾಸುಗಲ್ಲು, ಸಮತಟ್ಟಾದ ಯಾವ ಜಾಗವಾದರೂ ನಡೆಯುತ್ತದೆ. ಕೋಲು ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿಕೊಳ್ಳಿ. ಹನ್ನೆರಡರಿಂದ ಹನ್ನೆರಡೂವರೆವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದೇ ಲೆಕ್ಕಕ್ಕೆ. ಅದರ ಉದ್ದ, ಹೊತ್ತು, ನಿಮ್ಮ ಊರಿನ ಹೆಸರು ಬರೆದು ಕಳಿಸಿ. ಮೋಡ ಬಂದರೆ ಮರುದಿನ ಮಾಡಿ, ಆದರೆ ತಾರೀಕನ್ನೂ ಬರೆದು ಕಳಿಸಿ.